ಐದನೇ ಡಬ್ಬಿಯ ಗಾಲಿ

ನಮ್ಮ ಊರು ಎರಡು ತುಂಡು. ಹಳೇ ಊರು ಒಂದು ಕಡೆ, ಗಿರಣಿ ಊರು ಇನ್ನೊಂದು ಕಡೆ, ನಡುವೆ ಹನ್ನೊಂದು ಮೈಲಿ ಬಟಾಬಯಲು. ಬೆಳಿಗ್ಗೆ ಅರ್ಧ ಊರು ರೈಲುಗಾಡಿ ಹತ್ತಿ ಅತ್ತ ಹೋಗುತ್ತದೆ, ಸಂಜೆ ಇತ್ತ ಬರುತ್ತದೆ. ಗಾಡಿ ಓಡುತ್ತಿರುವಷ್ಟು ಹೊತ್ತು ಆ ಹನ್ನೊಂದು ಮೈಲಿ ಹನ್ನೊಂದೇ. ನಡುದಾರಿಯಲ್ಲಿ ನಿಂತರೆ ಮಾತ್ರ ದಾರಿ ಬೆಳೆಯತೊಡಗುತ್ತದೆ. ಮೊದಲ ತಾಸಿಗೆ ಮುಂದೊಂದು ಮೈಲಿ, ಹಿಂದೊಂದು ಮೈಲಿ. ಎರಡನೆಯ ತಾಸಿಗೆ ಎರಡೆರಡು. ಮೂರನೆಯದಕ್ಕೆ ನಾಲ್ಕು ನಾಲ್ಕು. ಗಾಡಿ ಮತ್ತೆ ಹೊರಟಿತೋ, ಬೆಳೆಯುವುದು ನಿಲ್ಲುತ್ತದೆ. ಅದು ಊರು ಮುಟ್ಟಿದ ಮೇಲೆ ಬೆಳೆದದ್ದೆಲ್ಲ ಇಳಿದು, ಮರುದಿನ ಬೆಳಗಾಗುವಷ್ಟರಲ್ಲಿ ಹನ್ನೊಂದಕ್ಕೇ ಬಂದಿರುತ್ತದೆ. ಇಳಿದು ನಡೆದುಬಿಡೋಣ ಎಂದರೆ ಆಗದು. ಹಾಗೆ ಮುಂದೆ ನಡೆದು ಹೋದವರು ಸ್ವಲ್ಪ ಹೊತ್ತಿಗೆ ಅದೇ ಗಾಡಿಯ ಹಿಂದಿನಿಂದ ಬೆವರು ಒರೆಸಿಕೊಳ್ಳುತ್ತ ಬರುತ್ತಾರೆ. ಆ ದಾರಿಯನ್ನು ಸವೆಸುವುದು ಗಾಲಿಗಷ್ಟೇ ಸಾಧ್ಯ.

ಇದರಲ್ಲಿ ನಮಗೇನೂ ವಿಶೇಷ ಕಾಣುವುದಿಲ್ಲ. ನಮ್ಮಲ್ಲಿ ಹೆಂಗಸರು ಎರಡು ಬುತ್ತಿ ಕಟ್ಟುತ್ತಾರೆ, ಒಂದು ಹೊಟ್ಟೆಗೆ, ಒಂದು ದಾರಿಗೆ. ಗಿರಣಿಯಲ್ಲಿ ಹಬ್ಬದ ರಜೆಯ ಹಾಗೆ ದಾರಿ ರಜೆ ಅಂತಲೇ ಉಂಟು. ಗಂಡಿನ ಕಡೆಯವರು ಮುಹೂರ್ತದ ಹಿಂದಿನ ದಿನವೇ ಬಂದು ಬೀಡುಬಿಡುತ್ತಾರೆ. ಬೇರೆ ಊರುಗಳಲ್ಲಿ ಯಾರನ್ನು ಕಂಡರೆ ಜನ ಎದ್ದು ನಿಲ್ಲುತ್ತಾರೋ ಗೊತ್ತಿಲ್ಲ, ನಮ್ಮ ಊರಿನಲ್ಲಿ ಮಾತ್ರ ರೈಲು ಶೆಡ್ಡಿನಲ್ಲಿ ಗಾಡಿ ದುರಸ್ತಿ ಮಾಡುವ ಫಿಟ್ಟರುಗಳನ್ನು ಕಂಡರೆ ಏಳುತ್ತಾರೆ. ಹಿಟ್ಟಿನ ಗಿರಣಿಯ ಮುಂದೆ, ರೇಷನ್ ಅಂಗಡಿಯ ಮುಂದೆ ಎಷ್ಟೇ ಉದ್ದ ಸಾಲಿರಲಿ, ಎಣ್ಣೆ ಮೆತ್ತಿದ ಕೈ ಕಂಡಿತೆಂದರೆ ಸಾಲು ತಾನಾಗಿ ಸರಿದು ದಾರಿ ಬಿಡುತ್ತದೆ.

ನಾನು ಆ ಗಾಡಿಗಳ ಮೇಲೆ ಮೂವತ್ತೊಂದು ವರ್ಷ ಗಾರ್ಡ್ ಆಗಿದ್ದೆ. ಕಂಡ ಫಿಟ್ಟರುಗಳನ್ನು ಎಣಿಸಿದರೆ ಐವತ್ತಕ್ಕೆ ಕಡಿಮೆಯಿಲ್ಲ. ಹೇಳಬೇಕೆನಿಸುವುದು ಫಕೀರವ್ವನ ವಿಷಯ.

ಫಕೀರವ್ವ ಶೆಡ್ಡಿಗೆ ಬಂದದ್ದು ಇಂಜಿನ್ನಿನ ಬೂದಿ ತೆಗೆಯುವ ಆಳಾಗಿ. ಬೂದಿಯ ಬುಟ್ಟಿ ಹೊತ್ತು ಓಡಾಡುತ್ತಲೇ ಯಾವ ಸ್ಪ್ಯಾನರು ಯಾವ ನಟ್ಟಿಗೆ ಎಂಬುದನ್ನು ಕಲಿತಳು. ಮೇಸ್ತ್ರಿ ದಾವಲಸಾಬ ಒಂದು ದಿನ ಅವಳ ಕೈಗೆ ಸುತ್ತಿಗೆ ಕೊಟ್ಟು, ಗಾಲಿಗಳನ್ನು ಬಡಿದು ಹೇಳು ನೋಡೋಣ ಎಂದರಂತೆ. ಒಳ್ಳೆಯ ಗಾಲಿ ಗಂಟೆಯ ಹಾಗೆ ನುಡಿಯುತ್ತದೆ, ಸೀಳಿದ ಗಾಲಿ ಮಡಕೆಯ ಹಾಗೆ. ಅವಳು ಇಪ್ಪತ್ತೆಂಟು ಗಾಲಿ ಬಡಿದು ಒಂದರ ಮುಂದೆ ನಿಂತಳು. ಅದು ಮಡಕೆಯ ಹಾಗೇನೂ ನುಡಿದಿರಲಿಲ್ಲ, ದಾವಲಸಾಬರ ಕಿವಿಗೂ ಗಂಟೆಯೇ. ಆದರೂ ಇದಕ್ಕೆ ಶೀತ ಆದಂತಿದೆ ಎಂದಳು. ಆ ಗಾಲಿಯನ್ನು ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಕೂದಲೆಳೆಯಷ್ಟು ಬಿರುಕು. ಅಂದಿನಿಂದ ಅವಳು ಬೂದಿ ಹೊರಲಿಲ್ಲ.

ನಾನು ಹೇಳುವ ದಿನಕ್ಕೆ ಅವಳಿಗೆ ನಲವತ್ತು ದಾಟಿತ್ತು. ಕಚ್ಚೆ ಹಾಕಿ ಉಟ್ಟ ಸೀರೆ, ಅದರ ಮೇಲೆ ಗಂಡಸರ ಖಾಕಿ ಅಂಗಿ, ತಲೆಗೆ ಬಿಗಿದ ಟವೆಲ್ಲು. ಸಣ್ಣ ಆಳು. ಮಾತು ಕಡಿಮೆ. ಗಾಡಿ ಕೆಟ್ಟಾಗ ಬಂದವರು ಸಾಮಾನ್ಯವಾಗಿ ಹೆದರಬೇಡಿ, ಈಗ ಆಗಿಬಿಡುತ್ತದೆ ಎನ್ನುತ್ತಾರಲ್ಲ, ಆ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಬಂದವಳೇ ಡಬ್ಬಿಯ ಅಡಿಗೆ ನುಸುಳುತ್ತಿದ್ದಳು. ತಾನು ಕೂತ ಗಾಡಿಯಲ್ಲೇ ಬ್ರೇಕಿನ ಕೊಳವೆ ಒಡೆದರೆ ನಾಲ್ಕು ನಿಮಿಷಕ್ಕೆ ಹೊಸದು ಹಾಕಿ ಹೊರಗೆ ಬರುತ್ತಿದ್ದಳು. ನಾಲ್ಕು ನಿಮಿಷಕ್ಕೆ ದಾರಿ ಎಷ್ಟು ಬೆಳೆದೀತು? ಗಾಡಿಯಲ್ಲಿ ನಿದ್ದೆ ಹೋದವರಿಗೆ ಗಾಡಿ ಕೆಟ್ಟದ್ದೇ ಗೊತ್ತಾಗುತ್ತಿರಲಿಲ್ಲ.

ಆ ದಿನ ಎಂಟು ಹತ್ತರ ಗಾಡಿ. ಏಳು ಡಬ್ಬಿ, ಕೊನೆಯದರಲ್ಲಿ ನಾನು. ಆರು ಮೈಲಿ ದಾಟಿ ತಿರುವಿನಲ್ಲಿ ತಲೆ ಹೊರಗೆ ಹಾಕಿದಾಗ ಐದನೆಯ ಡಬ್ಬಿಯ ಬಲಗಡೆ, ಹಿಂದಿನ ಗಾಲಿಯ ಬುಡದಿಂದ ಹೊಗೆ ಬರುವುದು ಕಂಡಿತು. ಅಚ್ಚಿನ ತುದಿ ಕೂರುವ ಪೆಟ್ಟಿಗೆ ಕಾದು ಕೆಂಪಾಗಿತ್ತು. ಓಡಲು ಬಿಟ್ಟರೆ ಇನ್ನೊಂದು ಮೈಲಿಯಲ್ಲಿ ಅಚ್ಚು ಮುರಿದು ಡಬ್ಬಿ ಮಗುಚುತ್ತದೆ. ನಿಲ್ಲಿಸಿದರೆ ದಾರಿ ಬೆಳೆಯುತ್ತದೆ. ಎರಡರಲ್ಲಿ ಯಾವುದೆಂದು ಯೋಚಿಸಲು ನನಗೆ ಸಿಕ್ಕಿದ್ದು ಒಂದು ಉಸಿರಿನಷ್ಟು ಹೊತ್ತು. ಬ್ರೇಕು ಎಳೆದೆ. ಆಗ ಎಂಟೂವರೆ.

ಉದ್ದನೆಯ ಬಿದಿರಿನ ಕೋಲಿಗೆ ಕೊಕ್ಕೆ ಸಿಕ್ಕಿಸಿ ಹಳಿಯ ಪಕ್ಕದ ತಂತಿಗೆ ಹಾಕಿ, ಕೈಪೆಟ್ಟಿಗೆಯ ಟೆಲಿಫೋನಿನಲ್ಲಿ ಕಚೇರಿಗೆ ಸುದ್ದಿ ಮುಟ್ಟಿಸಿದೆ. ನೆರವಿಗೆ ಬರಬೇಕಾದ ಇಂಜಿನ್ನಿನ ಬಾಯ್ಲರನ್ನು ಅಂದೇ ತೊಳೆಯಲು ಬಿಚ್ಚಿದ್ದರಂತೆ. ಅದಕ್ಕೆ ಬೆಂಕಿ ಹಾಕಿ ಹಬೆ ಏರಿಸಲು ಐದು ತಾಸು ಬೇಕು. ಐದು ತಾಸಿಗೆ ನಾವು ಎಲ್ಲಿರುತ್ತೇವೆ ಎಂಬುದು ನನಗೂ ಕಚೇರಿಯವರಿಗೂ ತಿಳಿದಿತ್ತು. ಕೈಯಿಂದ ಒತ್ತಿ ಓಡಿಸುವ ಟ್ರಾಲಿಯ ಮೇಲೆ ಫಕೀರವ್ವನನ್ನು ಕಳಿಸುತ್ತೇವೆ ಎಂದರು.

ಟ್ರಾಲಿಯದೂ ಅದೇ ಹಣೆಬರಹ, ನಿಂತರೆ ಅದರ ಮುಂದಿನ ದಾರಿಯೂ ಬೆಳೆಯುತ್ತದೆ. ಹಾಗಾಗಿ ದಾವಲಸಾಬ, ಫಕೀರವ್ವ, ಇಬ್ಬರು ಖಲಾಸಿಗಳು ಒಬ್ಬರಾದ ಮೇಲೊಬ್ಬರು ಹಿಡಿಕೆ ಒತ್ತುತ್ತ, ನೀರು ಕುಡಿಯಲಿಕ್ಕೂ ನಿಲ್ಲದೆ ಬಂದರು. ನನ್ನ ಡಬ್ಬಿಯ ಹಿಂದೆ ಅದು ಬಂದು ತಾಗಿದಾಗ ಹತ್ತೂ ಕಾಲು. ಫಕೀರವ್ವ ಇಳಿಯುತ್ತಲೇ ಮೂಗು ಎತ್ತಿದಳು.

"ಎಷ್ಟನೇದು, ಗಾರ್ಡ್ ಸಾಹೇಬ್ರ?"

"ಐದನೇದು. ಬಲಕ್ಕ, ಹಿಂದಿನ ಗಾಲಿ."

ಅವಳು ಓಡಿದಳು. ಖಲಾಸಿಗಳು ಹಿಂದಿನಿಂದ ಎರಡು ಜಾಕು ಹೊತ್ತು ಓಡಿದರು. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಂಡದ್ದು ಇಷ್ಟು: ಅಚ್ಚಿನ ಮೇಲೆ ಕೂರುವ ಕಂಚಿನ ತೊಟ್ಟಿಲು ಕರಗಿ ಸುಕ್ಕಾಗಿತ್ತು. ಎಣ್ಣೆ ಹೀರಿಕೊಂಡಿರಬೇಕಾದ ಹತ್ತಿಯ ಗಾದಿ ಸುಟ್ಟು ಬೂದಿಯಾಗಿತ್ತು. ಅಚ್ಚಿನ ಮೈಮೇಲೆಲ್ಲ ಗೀರು. ಅವಳ ಹತ್ತಿರ ಹೊಸ ತೊಟ್ಟಿಲೊಂದಿತ್ತು, ಆದರೆ ಅದು ಎರಕ ಹೊಯ್ದು ತೆಗೆದ ಹಾಗೇ ಒರಟಾದದ್ದು. ಅದನ್ನು ಗಾಲಿಯ ಅಚ್ಚಿಗೆ ಒಪ್ಪುವಂತೆ ಕೈಯಿಂದ ಹೆರೆದು ಹೆರೆದು ಕೂರಿಸಬೇಕು. ಶೆಡ್ಡಿನಲ್ಲಾದರೆ ಅರ್ಧ ದಿನದ ಕೆಲಸ.

ಅಷ್ಟರಲ್ಲಿ ಟೆಲಿಫೋನು ಗುರ್‍ರೆಂದಿತು. ದಾರಿಯ ಜೊತೆ ತಂತಿಯೂ ಬೆಳೆದು, ಮಾತು ಸೊಳ್ಳೆಯ ದನಿಯಷ್ಟು ಸಣ್ಣಗಾಗಿತ್ತು. ಆದರೂ ಅರ್ಥವಾಗುವುದಕ್ಕೆ ತೊಂದರೆಯಿರಲಿಲ್ಲ. ಐದನೆಯ ಡಬ್ಬಿಯ ಮುಂದಿನ ಕೊಂಡಿ ಬಿಚ್ಚಿ. ಮುಂದಿನ ನಾಲ್ಕನ್ನು ಇಂಜಿನ್ನು ಓಡಿಸಿಕೊಂಡು ಬರಲಿ. ಹಿಂದಿನ ಮೂರರ ವಿಷಯ ಆಮೇಲೆ ನೋಡೋಣ.

ಆಮೇಲೆ ನೋಡೋಣ ಎಂದರೆ ಏನೆಂದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಹದಿನೇಳು ವರ್ಷದ ಹಿಂದೆ ಒಮ್ಮೆ ಹೀಗೆಯೇ ಎರಡು ಡಬ್ಬಿ ಕತ್ತರಿಸಿದ್ದರು. ಕತ್ತಲಾಗುತ್ತಲೇ ದಾರಿ ಬೆಳೆಯುವುದು ತಾನಾಗಿ ನಿಂತದ್ದರಿಂದ ಅವು ಸಿಕ್ಕವು, ಆದರೂ ತಂದದ್ದು ಹತ್ತೊಂಬತ್ತು ದಿನಕ್ಕೆ. ಅವುಗಳೊಳಗೆ ಇದ್ದವರಲ್ಲಿ ಆರು ಜನ ಜೀವಂತವಾಗಿ ಬರಲಿಲ್ಲ.

ಹಿಂದಿನ ಮೂರು ಡಬ್ಬಿಗಳಲ್ಲಿ ಇನ್ನೂರ ನಲವತ್ತು ಜನ ಇದ್ದರು. ಮುಂದಿನ ನಾಲ್ಕೂ ಆಗಲೇ ಕಿಕ್ಕಿರಿದಿದ್ದವು, ಇವರನ್ನು ಅಲ್ಲಿಗೆ ಹತ್ತಿಸಲು ಕಾಲಿಡುವಷ್ಟೂ ಜಾಗವಿರಲಿಲ್ಲ. ಆರನೆಯದು ಹೆಂಗಸರದು, ಗಿರಣಿ ಊರಿನ ಸಂತೆಗೆ ಬೆಣ್ಣೆ, ಮೊಸರು, ಸೊಪ್ಪು ಒಯ್ಯುವವರೆಲ್ಲ ಅದರಲ್ಲೇ. ಏಳನೆಯದರಲ್ಲಿ ನಾನು. ಗಾಡಿ ಕತ್ತರಿಸಿದರೆ ಗಾರ್ಡು ಹಿಂದಿನ ತುಂಡಿನ ಜೊತೆ ಇರಬೇಕು, ಅದು ನಿಯಮ. ಐದನೆಯ ಡಬ್ಬಿಯ ಹತ್ತಿರ ಹೋಗಿ, ಕಚೇರಿಯವರು ಹೀಗೆ ಹೇಳಿದ್ದಾರೆ, ಹಿಂದಿನವರ ಜೊತೆ ನಾನಿರುತ್ತೇನೆ ಎಂದು ಹೇಳಿದೆ. ದನಿ ಸರಿಯಾಗಿಯೇ ಬಂತು. 

ಫಕೀರವ್ವ ನನ್ನನ್ನು ನೋಡಲಿಲ್ಲ, ದಾವಲಸಾಬರನ್ನು ನೋಡಿದಳು. ಆ ಮನುಷ್ಯ ಜಾಕಿನ ಹಿಡಿ ಹಿಡಿದವರು ಹಾಗೇ ಕೂತುಬಿಟ್ಟಿದ್ದರು. ಹದಿನೇಳು ವರ್ಷದ ಹಿಂದೆ ಕೊಂಡಿ ಬಿಚ್ಚಿದ ಕೈ ಅವರದೇ. ಆ ಮಾತನ್ನು ಅವರು ಶೆಡ್ಡಿನಲ್ಲಿ ಎಂದೂ ಎತ್ತಿದವರಲ್ಲ, ಬೇರೆಯವರೂ ಅವರ ಎದುರಿಗೆ ಎತ್ತುತ್ತಿರಲಿಲ್ಲ.

"ನಾ ಒಮ್ಮೆ ಬಿಚ್ಚೀನಿ, ಫಕೀರವ್ವ," ಎಂದರು. "ಇನ್ನೊಮ್ಮೆ ನನ್ನ ಕೈಲೆ ಆಗಂಗಿಲ್ಲ."

ಮುಂದಿನ ಡಬ್ಬಿಗಳಿಂದ ಕೆಲವರು ಇಳಿದು ಬಂದು ಸುತ್ತ ನಿಂತಿದ್ದರು. ಅವರಲ್ಲಿ ಗಿರಣಿಯ ಟೈಮ್ ಕೀಪರ್ ಮಂಗೇಶರಾಯರೂ ಇದ್ದರು. ಕೆಟ್ಟ ಮನುಷ್ಯರಲ್ಲ, ಲೆಕ್ಕ ತಪ್ಪದವರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು: ದುರಸ್ತಿಗೆಂದು ನಿಂತರೆ ದಾರಿ ಬೆಳೆಯುತ್ತದೆ, ಇಂಜಿನ್ನಿನ ನೀರು ಮುಗಿಯುತ್ತದೆ, ಆಗ ಮೂರಲ್ಲ, ಏಳೂ ಡಬ್ಬಿ ಹೋಗುತ್ತವೆ. ಈಗ ಕತ್ತರಿಸಿದರೆ ನಾಲ್ಕಾದರೂ ಉಳಿಯುತ್ತವೆ. ಡ್ರೈವರ್ ಯಮನೂರಪ್ಪನನ್ನು ಕರೆಸಿ ನೀರು ಎಷ್ಟಿದೆ ಎಂದು ಕೇಳಿದಳು ಫಕೀರವ್ವ. ನಿಧಾನ ಹೋದರೆ ಇಪ್ಪತ್ತು ಮೈಲಿಗೆ ಸಾಕು, ಇಪ್ಪತ್ತೊಂದಕ್ಕೆ ಇಲ್ಲ ಎಂದ ಅವನು. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಹತ್ತೂವರೆಗೆ ಗಿರಣಿ ಊರು ಎಂಟು ಮೈಲಿ. ಹನ್ನೊಂದೂವರೆಗೆ ಹನ್ನೆರಡು. ಹನ್ನೆರಡೂವರೆಗೆ ಇಪ್ಪತ್ತು.

"ಹನ್ನೆರಡೂ ಕಾಲತನಕ ನನಗ ಬಿಡ್ರಿ," ಎಂದಳು. "ಗಾಲಿ ಸರಿ ಮಾಡೂದು ನನ್ನ ಕೆಲಸ. ಅಷ್ಟರಾಗ ಆಗಲಿಲ್ಲಾ ಅಂದ್ರ ಕೊಂಡಿ ನಾನ ಬಿಚ್ಚತೀನಿ. ಬಿಚ್ಚಿ, ಹಿಂದಿನ ಡಬ್ಬಿ ಹತ್ತತೀನಿ."

ಮಂಗೇಶರಾಯರು ಕೋಟಿನ ಕಿಸೆಯಿಂದ ಗಡಿಯಾರ ತೆಗೆದು, ಅವಳ ಪಕ್ಕಕ್ಕೆ ಹೋಗಿ ನಿಂತು, ಹತ್ತು ನಿಮಿಷಕ್ಕೊಮ್ಮೆ ಸಮಯ ಹೇಳುತ್ತೇನೆ ಎಂದರು. ನಾನು ಟೆಲಿಫೋನಿನ ಕೊಕ್ಕೆಯನ್ನು ತಂತಿಯಿಂದ ಇಳಿಸಿದೆ. ಮಾತು ಸರಿಯಾಗಿ ಕೇಳಿಸಲಿಲ್ಲ ಎಂದು ಆಮೇಲೆ ಕಚೇರಿಗೆ ಬರೆದುಕೊಟ್ಟೆ. ನನ್ನ ಮೂವತ್ತೊಂದು ವರ್ಷದ ಚಾಕರಿಯಲ್ಲಿ ನಾನು ಬರೆದ ಸುಳ್ಳು ಅದೊಂದೇ.

ಜಾಕು ಏರಿಸಿ ಡಬ್ಬಿಯ ಮೂಲೆಯನ್ನು ನಾಲ್ಕು ಬೆರಳು ಎತ್ತಿದರು. ದಾವಲಸಾಬ ಎಮರಿ ಕಾಗದದಿಂದ ಅಚ್ಚಿನ ಗೀರುಗಳನ್ನು ಉಜ್ಜತೊಡಗಿದರು. ತೊಟ್ಟಿಲು ಎಲ್ಲಿ ಅಚ್ಚಿಗೆ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂದು ನೋಡಲು ಅಚ್ಚಿಗೆ ಬಣ್ಣ ಸವರಬೇಕು. ಬಣ್ಣದ ಡಬ್ಬಿ ಅವಸರದಲ್ಲಿ ಶೆಡ್ಡಿನಲ್ಲೇ ಉಳಿದಿತ್ತು. ಫಕೀರವ್ವ ಹೆಂಗಸರ ಡಬ್ಬಿಯ ಕಡೆ ತಿರುಗಿ ಕುಂಕುಮ ಇದ್ದರೆ ಕೊಡಿ ಎಂದಳು. ಕಿಟಕಿಗಳಿಂದ ಹತ್ತು ಹನ್ನೆರಡು ಕೈ ಒಟ್ಟಿಗೆ ಹೊರಗೆ ಬಂದವು, ಬೆಳ್ಳಿಯ ಭರಣಿ, ತಗಡಿನ ಡಬ್ಬಿ, ಕಾಗದದ ಪೊಟ್ಟಣ. ಅವಳು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಅಚ್ಚಿಗೆ ತೆಳ್ಳಗೆ ಬಳಿದು, ತೊಟ್ಟಿಲನ್ನು ಕೂರಿಸಿ, ಒಮ್ಮೆ ತಿರುಗಿಸಿ ತೆಗೆದಳು. ಕಂಚಿನ ಒಳಮೈಯಲ್ಲಿ ಎಲ್ಲೆಲ್ಲಿ ಕೆಂಪು ಹತ್ತಿತ್ತೋ ಅಲ್ಲಲ್ಲಿ ಹೆರೆದಳು. ಮತ್ತೆ ಬಳಿದಳು, ಮತ್ತೆ ಕೂರಿಸಿದಳು, ಮತ್ತೆ ಹೆರೆದಳು.

ಅವಳು ಹೆರೆಯುವುದನ್ನು ನೋಡುವುದೇ ಒಂದು ಭಾಗ್ಯ. ಆ ಮಾತು ನನ್ನದಲ್ಲ, ಮಂಗೇಶರಾಯರದು. ಹೆರೆಗತ್ತಿಯನ್ನು ಎದೆಯ ಹತ್ತಿರ ಹಿಡಿದು, ಉಸಿರು ಬಿಡುವಾಗ ಮಾತ್ರ ಅದನ್ನು ಮುಂದಕ್ಕೆ ನೂಕುತ್ತಿದ್ದಳು. ಸಿಪ್ಪೆ ಈರುಳ್ಳಿಯ ಪೊರೆಗಿಂತ ತೆಳ್ಳಗೆ ಎದ್ದು ಬರುತ್ತಿತ್ತು. ಮೊದಲ ಸಲ ಕೆಂಪು ಮೂರು ಕಡೆ ಮಾತ್ರ ಹತ್ತಿತ್ತು, ಆಮೇಲೆ ಏಳು ಕಡೆ, ಆಮೇಲೆ ಮೈತುಂಬ ರಾಗಿ ಚೆಲ್ಲಿದ ಹಾಗೆ. ನಡುನಡುವೆ ಮಂಗೇಶರಾಯರ ದನಿ: ಹನ್ನೊಂದು. ಹನ್ನೊಂದೂ ಹತ್ತು. ಮುಂದಿನ ಡಬ್ಬಿಯವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ಹನ್ನೊಂದೂವರೆ ಎಂದಾಗ ಯಾರೋ ಇನ್ನು ಸಾಕು, ಕತ್ತರಿಸಿ ಎಂದರು. ಮಂಗೇಶರಾಯರು ಆ ಕಡೆ ತಿರುಗಿ, ಇನ್ನೂ ನಲವತ್ತೈದು ನಿಮಿಷ ಅವಳದ್ದು ಎಂದಷ್ಟೇ ಹೇಳಿದರು.

ಹನ್ನೆರಡಕ್ಕೆ ತೊಟ್ಟಿಲು ಒಪ್ಪಿತು. ಆದರೆ ಅಚ್ಚಿನ ಗೀರುಗಳು ಪೂರ್ತಿ ಹೋಗಿರಲಿಲ್ಲ. ಓಡಿಸಿದರೆ ಮತ್ತೆ ಕಾಯುತ್ತದೆ. ಮನುಷ್ಯ ನಡೆಯುವಷ್ಟು ವೇಗದಲ್ಲಿ ಹೋಗಬೇಕು, ಉದ್ದಕ್ಕೂ ಜಿಡ್ಡು ಉಣಿಸುತ್ತಲೇ ಇರಬೇಕು ಎಂದಳು. ಟ್ರಾಲಿಯಲ್ಲಿದ್ದದ್ದು ಎರಡು ಸೀಸೆ ಎಣ್ಣೆ, ಅದು ಎರಡು ಮೈಲಿಗೆ ಸಾಲದು. ಅವಳು ಎರಡೂ ಸೀಸೆಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಆಗ ಆರನೆಯ ಡಬ್ಬಿಯಿಂದ ಕಲ್ಲವ್ವ ಇಳಿದು ಬಂದಳು. ಅರವತ್ತು ದಾಟಿದ ಹೆಂಗಸು, ಗಿರಣಿ ಊರಿನ ಅರ್ಧ ಮನೆಗಳಿಗೆ ಬೆಣ್ಣೆ ಹಾಕುವವಳು. ತಲೆಯ ಮೇಲಿನ ಮಡಕೆ ಇಳಿಸಿ, ಮುಚ್ಚಿದ್ದ ಎಲೆ ಸರಿಸಿದಳು.

"ಎಮ್ಮಿ ಬೆಣ್ಣಿ ತಂಗಿ. ನಡೀತೈತೇನು?"

"ಗಾಲಿ ರುಚಿ ನೋಡಂಗಿಲ್ಲ, ಯವ್ವಾ," ಎಂದಳು ಫಕೀರವ್ವ. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಕಲ್ಲವ್ವನ ಹಿಂದೆ ಉಳಿದ ಬೆಣ್ಣೆಯವರೂ ಇಳಿದರು. ಒಂಬತ್ತು ಮಡಕೆ ಸಾಲಾಗಿ ಬಂದು ಕೂತವು. ಗಿರಣಿಯ ಕಾವಲುಗಾರನೊಬ್ಬ ತನ್ನ ಕಂಬಳಿ ಕೊಟ್ಟ. ಅದನ್ನು ಹರಿದು, ಬೆಣ್ಣೆಯಲ್ಲಿ ಅದ್ದಿ, ಗಾದಿಯ ಜಾಗಕ್ಕೆ ತುರುಕಿ, ಜಾಕು ಇಳಿಸಿದರು. ಹನ್ನೆರಡೂ ಹದಿನಾಲ್ಕಕ್ಕೆ ನಾನು ಹಸಿರು ಬಾವುಟ ಬೀಸಿದೆ. ಗಾಡಿ ಹೊರಟಾಗ ಆ ಗಾಲಿ ಮೊದಲು ಕಿರುಚಿತು, ಆಮೇಲೆ ಗೊಣಗಿತು, ಆಮೇಲೆ ಸುಮ್ಮನಾಯಿತು. ನಮ್ಮ ಮುಂದೆ ಹದಿನೆಂಟು ಮೈಲಿ ಇತ್ತು.

ಆ ಹದಿನೆಂಟು ಮೈಲಿಯನ್ನು ಫಕೀರವ್ವ ಗಾಲಿಯ ಪಕ್ಕದಲ್ಲಿ ನಡೆದಳು.

ಬೇರೆ ದಾರಿ ಇರಲಿಲ್ಲ. ಪೆಟ್ಟಿಗೆ ಇರುವುದು ಡಬ್ಬಿಯ ಹೊರಗೆ, ಮೊಣಕಾಲಿನ ಎತ್ತರಕ್ಕೆ. ಅದರ ಮುಚ್ಚಳ ತೆರೆದಿಟ್ಟುಕೊಂಡು, ಎಡಗೈ ಅದರ ನೆತ್ತಿಯ ಮೇಲಿಟ್ಟು, ಬಲಗೈಯಿಂದ ಬೆಣ್ಣೆಯ ಮುದ್ದೆ ಒಳಗೆ ನೂಕುತ್ತ, ಬಗ್ಗಿಕೊಂಡೇ ನಡೆಯಬೇಕು. ಹತ್ತು ಎಣಿಸುವವರೆಗೆ ಅಂಗೈ ಇಡಲಾದರೆ ಸರಿ. ಐದಕ್ಕೇ ತೆಗೆಯುವಂತಾದರೆ ಬೆಣ್ಣೆ ಬೇಕು. ಮೂರಕ್ಕೆ ತೆಗೆಯುವಂತಾದರೆ ಯಮನೂರಪ್ಪ ಇನ್ನೂ ನಿಧಾನ ಮಾಡಬೇಕು. ನಿಲ್ಲಿಸುವಂತಂತೂ ಇಲ್ಲ. ನಿಂತರೆ ದಾರಿ ಮತ್ತೆ ಬೆಳೆಯುತ್ತದೆ, ನೀರು ಅಷ್ಟಕ್ಕೆ ಇರಲಿಲ್ಲ.

ಎರಡು ಮೈಲಿ ಆದ ಮೇಲೆ ದಾವಲಸಾಬ ತಮ್ಮ ಕೈ ಇಟ್ಟರು. ಅವರಿಗೆ ಕೈ ಸುಟ್ಟರೂ ತೆಗೆಯುವ ಮನಸ್ಸಾಗಲಿಲ್ಲ, ಗಾಲಿ ನಿಂತೀತು ಎಂಬ ಭಯಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಬೆಣ್ಣೆ ಸುರಿದರು. ಒಬ್ಬ ಖಲಾಸಿ ಇಟ್ಟ. ಅವನು ಬೇಗ ತೆಗೆದುಬಿಟ್ಟ. ಫಕೀರವ್ವ ಇಬ್ಬರನ್ನೂ ಸರಿಸಿ ಮತ್ತೆ ತಾನೇ ಬಗ್ಗಿದಳು. ಬೆಣ್ಣೆ ಎತ್ತಿ ಕೊಡುವುದನ್ನು ಯಾರು ಬೇಕಾದರೂ ಮಾಡಬಹುದು, ಕೈ ಮಾತ್ರ ಒಬ್ಬರದೇ ಇರಬೇಕು ಎಂದಳು. ಹಾಗಾಗಿ ನಾವೆಲ್ಲ ಸರದಿಯ ಮೇಲೆ ಮಡಕೆ ಹಿಡಿದು ಅವಳ ಬೆನ್ನಿಗೆ ನಡೆದೆವು. ಶಾಲೆಯ ಮಾಸ್ತರರು, ನೂಲು ಸುತ್ತುವ ಹುಡುಗಿಯರು, ಮಂಗೇಶರಾಯರು. ಅವರು ಬೂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮೂರು ಮೈಲಿ ಮಡಕೆ ಹಿಡಿದರು. ಐದನೆಯ ಡಬ್ಬಿಯ ಮೆಟ್ಟಿಲ ಮೇಲೆ ಕೂತ ಹೆಂಗಸರು ರೊಟ್ಟಿಗೆ ಚಟ್ನಿ ಸವರಿ, ಸುರುಳಿ ಸುತ್ತಿ, ನಡೆಯುತ್ತಿದ್ದ ಫಕೀರವ್ವನ ಬಾಯಿಗೆ ಇಡುತ್ತಿದ್ದರು. ಇನ್ನೊಬ್ಬಳು ತಂಬಿಗೆಯಿಂದ ಅವಳ ಕತ್ತಿಗೆ ನೀರು ಹನಿಸುತ್ತಿದ್ದಳು. ಏಳನೆಯ ಮೈಲಿಯಲ್ಲಿ ಅವಳ ಚಪ್ಪಲಿ ಹರಿಯಿತು. ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದಳು. ಕಲ್ಲವ್ವ ತನ್ನ ಚಪ್ಪಲಿ ಬಿಚ್ಚಿ ಅವಳ ಮುಂದೆ ಎಸೆದಳು. ಅವಳು ನೋಡದೆಯೇ ಅದರೊಳಗೆ ಕಾಲು ತೂರಿಸಿ ನಡೆದಳು. ಅಳತೆ ದೊಡ್ಡದಾಗಿತ್ತು.

ಬಿಸಿಲು ಇಳಿಯತೊಡಗಿತು. ಸುತ್ತ ಮರವಿಲ್ಲ, ಮನೆಯಿಲ್ಲ, ಹುಟ್ಟಿ ಅರ್ಧ ದಿನವೂ ಆಗದ ಬಯಲು. ಅಲ್ಲಿ ಹುಲ್ಲಿನ ಹೆಸರೂ ನಮಗೆ ಗೊತ್ತಿರಲಿಲ್ಲ. ಡಬ್ಬಿಗಳ ಒಳಗೆ ಜನ ಮಾತಾಡುತ್ತಿದ್ದರು, ಯಾರೋ ಹಾಡು ಹೇಳುತ್ತಿದ್ದರು, ಎಲ್ಲೋ ಇಸ್ಪೀಟಿನ ಆಟವೂ ನಡೆದಿತ್ತು. ಅವಳಿಗೆ ಅದೇನೂ ಅಡ್ಡಿಯಾಗುತ್ತಿರಲಿಲ್ಲ. ಅವಳು ಆ ಗಾಲಿಯ ಸದ್ದನ್ನು ಕೈಯಿಂದಲೇ ಕೇಳುತ್ತಿದ್ದಳು.

ಹದಿನಾಲ್ಕನೆಯ ಮೈಲಿಗೆ ಒಂಬತ್ತೂ ಮಡಕೆ ಬರಿದಾದವು. ಸ್ವಲ್ಪ ಹೊತ್ತಿಗೆ ಮತ್ತೆ ಹೊಗೆ ಎದ್ದಿತು. ಯಮನೂರಪ್ಪ ಹಿಂತಿರುಗಿ ನೋಡಿ ಸಿಳ್ಳು ಹಾಕಿ ನಿಲ್ಲಿಸಲೇ ಎಂದು ಕೈ ಮಾಡಿದ. ಫಕೀರವ್ವ ಬೇಡವೆಂದು ತಲೆಯಾಡಿಸಿ, ಜಿಡ್ಡು ಅನ್ನುವುದು ಏನೇ ಇರಲಿ ಕೊಡಿ ಎಂದಳು. ಈ ಮಾತು ಕಿಟಕಿಯಿಂದ ಕಿಟಕಿಗೆ ಓಡಿತು. ತಲೆಗೆ ಹಾಕುವ ಕೊಬ್ಬರಿ ಎಣ್ಣೆಯ ಸೀಸೆಗಳು ಬಂದವು. ಉಪ್ಪಿನಕಾಯಿಯ ಭರಣಿಗಳಿಂದ ಮೇಲಿನ ಎಣ್ಣೆಯನ್ನು ಬಸಿದು ಕೊಟ್ಟರು. ಬಾಣಂತಿಯ ಮನೆಗೆಂದು ಒಯ್ಯುತ್ತಿದ್ದ ತುಪ್ಪದ ತಂಬಿಗೆ ಬಂತು. ನಾನು ನನ್ನ ಡಬ್ಬಿಗೆ ಓಡಿ ಹಿಂದಿನ ಕೆಂಪು ದೀಪದ ಹೊಟ್ಟೆ ಬಿಚ್ಚಿ ಹರಳೆಣ್ಣೆ ತಂದೆ. ಹಿಂದಿನ ದೀಪವಿಲ್ಲದೆ ಗಾಡಿ ಓಡಿಸುವುದು ಗಾರ್ಡಿಗೆ ದೊಡ್ಡ ತಪ್ಪು. ಕೊಡುವಾಗ ನನ್ನ ಕೈ ಅವಳ ಎಡ ಅಂಗೈಗೆ ತಾಗಿತು. ಬೊಕ್ಕೆಗಳೆದ್ದು, ಒಡೆದು, ಮತ್ತೆ ಎದ್ದಿದ್ದವು. ಆ ಕೈಗೆ ಬಿಸಿ ಇನ್ನೂ ಹೇಗೆ ತಿಳಿಯುತ್ತಿತ್ತೋ ನನಗೆ ಈಗಲೂ ಗೊತ್ತಿಲ್ಲ.

"ಕೈ ಬದಲಿಸಬಾರದೇನು, ಫಕೀರವ್ವ?" ಎಂದೆ.

"ಈ ಕೈಗೆ ಗಾಲಿ ಪರಿಚಯ ಆಗೈತ್ರಿ," ಎಂದಳು.

ಗಿರಣಿ ಊರಿನ ಚಿಮಣಿ ಕಂಡಾಗ ಡಬ್ಬಿಗಳಲ್ಲಿ ಗದ್ದಲ ಎದ್ದಿತು. ಅವಳು ತಲೆ ಎತ್ತಲಿಲ್ಲ. ನಿಲ್ದಾಣ ಸೇರಿದಾಗ ಆರೂ ಇಪ್ಪತ್ತು, ದೀಪ ಹಚ್ಚುವ ಹೊತ್ತು. ಇಂಜಿನ್ನಿನ ತೊಟ್ಟಿಯಲ್ಲಿ ನೀರು ಎಷ್ಟು ಉಳಿದಿದೆ ಎಂದು ಯಮನೂರಪ್ಪ ಕೋಲು ಇಳಿಸಿ ನೋಡಿದ. ಕೋಲಿನ ತುದಿ ಒದ್ದೆಯಾಗಿತ್ತು, ಅಷ್ಟೇ.

ನಿಲ್ದಾಣದ ತುಂಬ ಜನ. ಹಳೇ ಊರಿನಿಂದ ಸುದ್ದಿ ಬೆಳಿಗ್ಗೆಯೇ ಬಂದಿತ್ತು, ನಾಲ್ಕು ಡಬ್ಬಿ ಬರುತ್ತವೆ ಎಂದು. ಹಿಂದಿನ ಮೂರರಲ್ಲಿ ಕೂರುವವರ ಮನೆಯವರು ಒಂದು ಕಡೆ ಗುಂಪಾಗಿ, ಯಾರೊಡನೆಯೂ ಮಾತಾಡದೆ ನಿಂತಿದ್ದರು. ಗಾಡಿ ಒಳಗೆ ಬರುತ್ತಿದ್ದ ಹಾಗೆ ಅವರಲ್ಲೊಬ್ಬ ಮುದುಕ ಬೆರಳು ತೋರಿಸಿ ಎಣಿಸತೊಡಗಿದ. ನಾಲ್ಕು ಆದ ಮೇಲೂ ಎಣಿಸುತ್ತಲೇ ಹೋದ. ಏಳು ಎಂದವನು ಅಲ್ಲೇ ನೆಲಕ್ಕೆ ಕೂತ.

ಫಕೀರವ್ವ ಮಾತ್ರ ಡಬ್ಬಿ ನಿಂತ ಕೂಡಲೇ ಸುತ್ತಿಗೆ ತೆಗೆದುಕೊಂಡು ಅದರ ಎಂಟೂ ಗಾಲಿ ಬಡಿದು, ಉಳಿದ ಡಬ್ಬಿಗಳ ಪೆಟ್ಟಿಗೆಗಳನ್ನೂ ಎರಡೂ ಬದಿಯಿಂದ ಮುಟ್ಟಿ ಬಂದಳು. ಆಮೇಲೆ ನನ್ನ ಹತ್ತಿರ ಬಂದು, ಈ ಡಬ್ಬಿಯನ್ನು ನಾಳೆ ಹಾಕಬೇಡಿ, ಮೂರನೆಯ ಡಬ್ಬಿಯ ಎಡಗಡೆಯದೂ ಸ್ವಲ್ಪ ಬಿಸಿಯಾಗಿದೆ, ನೋಡಲು ಹೇಳಿ ಎಂದಳು. ಅಷ್ಟು ಹೇಳಿ, ಕೂರಲು ಜಾಗ ಹುಡುಕಿದಳು. ಬೆಂಚುಗಳೆಲ್ಲ ತುಂಬಿದ್ದವು. ಪಾರ್ಸೆಲ್ ತೂಗುವ ದೊಡ್ಡ ತಕ್ಕಡಿ ಗೋಡೆಗೆ ಒರಗಿ ನಿಂತಿತ್ತು, ಅದರ ಹಲಗೆಯ ಮೇಲೆ ಕೂತು, ತಲೆ ಗೋಡೆಗೆ ಆನಿಸಿದಳು. ಬೆಳಗಿನಿಂದ ಅವಳು ಕೂತದ್ದು ಅದೇ ಮೊದಲು. ಬೆಂಚಿನವರು ಎದ್ದು ಜಾಗ ಬಿಡುವಷ್ಟರಲ್ಲಿ ನಿದ್ದೆ ಹತ್ತಿತ್ತು.

ದಾರಿ ಬೆಳೆದು ತಡವಾದ ದಿನ ನಮ್ಮ ಜನ ಗಾಡಿ ಇಳಿದವರೇ ಮನೆಗೆ ಓಡುತ್ತಾರೆ. ಅಂದು ಯಾರೂ ಓಡಲಿಲ್ಲ. ಮಾತು ಒಂದೊಂದಾಗಿ ನಿಂತಿತು. ಮಗು ಎತ್ತಿಕೊಂಡವರು ಮಗುವಿನ ಬಾಯಿಗೆ ಬೆರಳಿಟ್ಟರು. ಆರೂ ನಲವತ್ತರ ಗಾಡಿ ಪಕ್ಕದ ಹಳಿಯಲ್ಲಿ ತಯಾರಾಗಿ ನಿಂತಿತ್ತು. ಸ್ಟೇಷನ್ ಮಾಸ್ತರರು ಗಂಟೆ ಹೊಡೆಯಲು ಬಂದವರು, ಗಂಟೆಯ ನಾಲಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬಾವುಟ ಬೀಸಿದರು. ಗಾಡಿ ಸಿಳ್ಳು ಹಾಕದೆ ಹೊರಟಿತು. ಅದರೊಳಗಿನವರು ಬಾಗಿಲುಗಳನ್ನು ಸದ್ದಾಗದಂತೆ ಎರಡೂ ಕೈಯಿಂದ ಹಿಡಿದು ಮುಚ್ಚಿದರು.

ಕಲ್ಲವ್ವ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವಳ ಎಡಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಸೆರಗಿನ ಮೆತ್ತನೆಯ ತುದಿಯಿಂದ ಬೆಣ್ಣೆ, ಮಸಿ, ಕುಂಕುಮ ಎಲ್ಲವನ್ನೂ ಮೆಲ್ಲಗೆ ಒರೆಸುತ್ತಿದ್ದಳು. ದಾವಲಸಾಬ ಸ್ವಲ್ಪ ದೂರದಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ಮಂಗೇಶರಾಯರು ನನ್ನ ತೋಳು ಮುಟ್ಟಿ ಮೇಲೆ ನೋಡುವಂತೆ ಕಣ್ಣಿನಲ್ಲೇ ಹೇಳಿದರು. ತಕ್ಕಡಿಯ ಮುಳ್ಳು ನಲವತ್ತಾರು ಕಿಲೋದ ಹತ್ತಿರ ನಿಂತಿತ್ತು. ಪೂರ್ತಿ ನಿಂತಿರಲಿಲ್ಲ. ಅವಳು ಉಸಿರೆಳೆದಾಗ ಒಂದು ಗೆರೆ ಅತ್ತ, ಬಿಟ್ಟಾಗ ಒಂದು ಗೆರೆ ಇತ್ತ ಆಡುತ್ತಿತ್ತು. ನಾವು ಐನೂರಕ್ಕೂ ಹೆಚ್ಚು ಜನ ಅದನ್ನೇ ನೋಡುತ್ತ ನಿಂತೆವು.